‘ನಾನು ಮಾಡಿದೆ’ ಎಂಬ ಮಾತಿನ ತೂಕ

ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುವುದು ಕ್ರೈಸ್ತ ವಿಶ್ವಾಸಿಗೆ ಒಪ್ಪುವ ನಡೆಯೇ? ವಿನಯವೇ ಭೂಷಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದೇ ಮಕ್ಕಳು ಸಂದರ್ಶನಕ್ಕೆ ಹೊರಟಾಗ, ಗೊತ್ತಿಲ್ಲವೆಂದು ಮಾತ್ರ ಹೇಳಬೇಡ ಎಂದು ಕಿವಿಯಲ್ಲಿ ಉಸುರುತ್ತೇವೆ. ಈ ಎರಡು ಬುದ್ಧಿಮಾತುಗಳ ನಡುವೆ ಸಿಲುಕುವವರಲ್ಲಿ ಯುವ ವೈದ್ಯರೂ ಇದ್ದಾರೆ.

ಎಂ.ಡಿ. ಅಥವಾ ಎಂ.ಎಸ್. ಮುಗಿಸಿದವರು ಒಂದು ವಿಭಾಗದಲ್ಲಿ ಹೆಚ್ಚಿನ ತರಬೇತಿ ಬಯಸಿ ಫೆಲೋಶಿಪ್‌ಗೆ ಅರ್ಜಿ ಹಾಕುತ್ತಾರೆ. ಸಂದರ್ಶನದಲ್ಲಿ ಹಿರಿಯ ವೈದ್ಯರು ಪುಸ್ತಕಜ್ಞಾನವನ್ನಷ್ಟೇ ಅಳೆಯುವುದಿಲ್ಲ. ಈ ಶಸ್ತ್ರಚಿಕಿತ್ಸೆಯನ್ನು ಎಷ್ಟು ಬಾರಿ ಮಾಡಿದ್ದೀರಿ, ತೊಡಕು ಬಂದಾಗ ಏನು ಮಾಡಿದಿರಿ ಎಂದೂ ಕೇಳುತ್ತಾರೆ. ನೋಡಿದ್ದೆಷ್ಟು, ನೆರವಾದದ್ದೆಷ್ಟು, ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದೆಷ್ಟು, ಸ್ವತಂತ್ರವಾಗಿ ಮಾಡಿದ್ದೆಷ್ಟು ಎಂಬುದು ವಿದ್ಯಾರ್ಥಿದೆಸೆಯ ಲಾಗ್ ಪುಸ್ತಕದಲ್ಲಿ ಇರಬೇಕು. ಈ ನಾಲ್ಕನ್ನೂ ಒಂದೇ ‘ಮಾಡಿದ್ದೇನೆ’ ಎಂಬ ಮಾತಿನಲ್ಲಿ ಮುಚ್ಚಿಬಿಡುವುದು ಎಷ್ಟು ಸುಲಭ!

ಅದರಿಂದ ಯಾರಿಗೆ ಕೇಡು? ಒಂದು ಉದಾಹರಣೆ ನೋಡಿ. ಲ್ಯಾಪರೋಸ್ಕೋಪಿಯ ಮೂಲಕ ಪಿತ್ತಕೋಶವನ್ನು ತೆಗೆಯುವಾಗ, ಅದಕ್ಕೆ ಸೇರುವ ನಾಳ ಮತ್ತು ರಕ್ತನಾಳ ಇವೇ ಎಂದು ಖಚಿತವಾಗಿ ಕಂಡ ಮೇಲೆಯೇ ಕತ್ತರಿಸಬೇಕು. ಉರಿಯೂತದಿಂದ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದರೆ, ಮುಖ್ಯ ಪಿತ್ತನಾಳಕ್ಕೇ ಪೆಟ್ಟು ಬೀಳಬಹುದು. ಆಗ ರೋಗಿಯು ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದೀತು. ಅಂಥ ಗಳಿಗೆಯಲ್ಲಿ ಕೈ ತಡೆದು ಹಿರಿಯರನ್ನು ಕರೆಯುವುದೂ ಒಂದು ವೈದ್ಯಕೀಯ ಕೌಶಲವೇ. ಇಲ್ಲದ ಅನುಭವವನ್ನು ಇದೆಯೆಂದು ಹೇಳಿ ಆಯ್ಕೆಯಾದವನಿಗೆ, ನಾಳೆ ಹಾಗೆ ಕರೆಯಲು ಬಾಯಿ ಬರುವುದೇ? ಅವನ ಮಾತಿನ ಬೆಲೆಯನ್ನು ತೆರುವವನು ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿ.

ಹಾಗಾದರೆ ತನ್ನನ್ನು ಕಿರಿದಾಗಿಸಿಕೊಂಡು ಮಾತನಾಡುವುದೇ ಲೇಸೇ? ಅದೂ ಅಲ್ಲ. 13ನೇ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಸತ್ಯಸಂಧತೆಯನ್ನು ಒಂದು ಸದ್ಗುಣವೆಂದು ವಿವರಿಸುತ್ತಾ, ಅದಕ್ಕೆ ವಿರುದ್ಧವಾದ ಎರಡು ದೋಷಗಳನ್ನು ಹೆಸರಿಸುತ್ತಾರೆ. ಇದ್ದುದಕ್ಕಿಂತ ಹೆಚ್ಚು ಕೊಚ್ಚಿಕೊಳ್ಳುವುದು ಒಂದು. ಇದ್ದುದನ್ನು ಇಲ್ಲವೆಂದು ಹೇಳುವುದು ಇನ್ನೊಂದು. ಹುಸಿ ವಿನಯವೂ ಅಸತ್ಯವೇ ಎಂಬ ಈ ಮಾತು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ.

ಪ್ರಭು ಯೇಸು ಹೇಳಿದ ತಲಾಂತುಗಳ ಸಾಮತಿಯನ್ನು ಈ ಬೆಳಕಿನಲ್ಲಿ ನೆನೆಯೋಣ. ಹೂತಿಟ್ಟವನು ಗದರಿಕೆಗೆ ಗುರಿಯಾದುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಡುವಿನವನನ್ನು ಗಮನಿಸಿದ್ದೇವೆಯೇ? ಅವನು ಪಡೆದದ್ದು ಎರಡು, ಗಳಿಸಿದ್ದು ಇನ್ನೆರಡು. ಐದು ಪಡೆದವನ ಮುಂದೆ ನಾಚಿ ಅವನು ಲೆಕ್ಕವನ್ನು ಹಿಗ್ಗಿಸಲಿಲ್ಲ, ಕುಗ್ಗಿಸಲೂ ಇಲ್ಲ. ಒಡೆಯನು ಇಬ್ಬರನ್ನೂ ಒಂದೇ ಸಮನಾಗಿ ಮೆಚ್ಚಿದನು.

ಆದುದರಿಂದ ಸಂದರ್ಶನದ ತಯಾರಿ ಚಂದದ ಉತ್ತರಗಳ ಕಂಠಪಾಠವಾಗಬೇಕಿಲ್ಲ. ಅದು ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯಂತಿರಲಿ. ಲಾಗ್ ಪುಸ್ತಕವನ್ನು ತೆರೆದು, ಚೆನ್ನಾಗಿ ನಡೆದ ಪ್ರಕರಣವನ್ನೂ ಕೈಮೀರಿದ ಪ್ರಕರಣವನ್ನೂ ನೆನಪಿಗೆ ತಂದುಕೊಳ್ಳಬೇಕು. ತನ್ನ ಕೈ ಮಾಡಿದ್ದು ಯಾವುದು, ಗುರುಗಳ ಕೈ ಕಾಪಾಡಿದ್ದು ಯಾವುದು, ಕಲಿಯಲು ಉಳಿದದ್ದು ಯಾವುದು ಎಂದು ಬೇರ್ಪಡಿಸಬೇಕು. ರೋಗಿಯ ಗುರುತು ಹೊರಬೀಳದಂತೆ ಹೇಳುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಎಲ್ಲವನ್ನೂ ಬಲ್ಲವರಿಗೆ ತರಬೇತಿಯ ಅಗತ್ಯವಾದರೂ ಏನಿದೆ?

ತಂದೆತಾಯಿಯರೇ, ನಿಜ ಹೇಳಿದವರಿಗೆ ಆಯ್ಕೆ ತಪ್ಪಲೂಬಹುದು. ಆ ನೋವು ಸಣ್ಣದಲ್ಲ. ಆದರೂ ನಾಳೆ ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ಜಪಸರ ಹಿಡಿದು ಕೂರುವವರು ನಾವೇ ಆಗಿರಬಹುದು. ಒಳಗಿರುವ ವೈದ್ಯರು ಎಂಥವರಾಗಿರಬೇಕೆಂದು ಆಗ ಬಯಸುತ್ತೇವೋ, ಅಂಥವರಾಗುವಂತೆ ಇಂದು ನಮ್ಮ ಮಕ್ಕಳನ್ನು ಹರಸಿ ಕಳುಹಿಸೋಣ.