ಯಾರ ಊರಿನ ಡಾಕ್ಟರು

ಪಾವಗಡದಿಂದ ಹೊರಟ ಬೆಳಗಿನ ಬಸ್ಸು ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರುವಷ್ಟರಲ್ಲಿ ಬಿಸಿಲೇರಿರುತ್ತದೆ. ಹೆಚ್ಚುಕಡಿಮೆ ನೂರು ಕಿಲೋಮೀಟರಿನ ದಾರಿ. ಆ ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರನ್ನು ಎದೆಗವಚಿಕೊಂಡು ಕೂತವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಕವರಿನೊಳಗೆ ಎಕ್ಸ್‌ರೇ, ರಕ್ತದ ರಿಪೋರ್ಟು, ಹಳೇ ಚೀಟಿಗಳು, ಮಡಿಕೆಯಲ್ಲೇ ಸವೆದ ಆಧಾರ್ ಜೆರಾಕ್ಸು. ಶಿರಾ ಕಡೆಯವರು ಹೆದ್ದಾರಿ ಹಿಡಿದು ಬರುತ್ತಾರೆ. ಪಾವಗಡದ ಗಡಿ ಹಳ್ಳಿಗಳವರಿಗೆ ತುಮಕೂರಿಗಿಂತ ಹಿಂದೂಪುರ, ಪುಟ್ಟಪರ್ತಿಯೇ ಹತ್ತಿರ. 1991ರಲ್ಲಿ ಪುಟ್ಟಪರ್ತಿಯ ಪಕ್ಕದಲ್ಲಿ ಸತ್ಯಸಾಯಿ ಆಸ್ಪತ್ರೆ ಶುರುವಾಯಿತು. ದುಡ್ಡಿಲ್ಲದೆ ಹೃದಯದ ಆಪರೇಷನ್ ಆಗುತ್ತದೆ ಎಂಬ ಸುದ್ದಿಗೆ ರಾಜ್ಯದ ಗಡಿ ಅಡ್ಡ ಬರಲಿಲ್ಲ.

ಕಾಯಿಲೆಯವರು ಊರು ಬಿಟ್ಟು ಡಾಕ್ಟರನ್ನು ಹುಡುಕಿಕೊಂಡು ಹೋಗುವುದು ನಮ್ಮ ಈ ತಾಲ್ಲೂಕುಗಳಿಗೆ ಹಳೆಯ ಮಾತು. ಇವತ್ತು ನನ್ನ ಮನಸ್ಸು ಇರುವುದು ಊರು ಬಿಟ್ಟು ಹೋದ ಡಾಕ್ಟರುಗಳ ಮೇಲೆ.

ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ರೈತರ ಮನೆಯ ಹುಡುಗ ಲಕ್ಷ್ಮೀನರಸಿಂಹ ಮೂರ್ತಿ. ಸಾಲ ಮಾಡಿಯಾದರೂ ಸರಿ, ಮಗ ಓದಬೇಕು ಎಂದು ತಂದೆ ಹಟ ಹಿಡಿದರು. ಹುಡುಗ ಡಾಕ್ಟರಾಗಿ, ಮಡದಿ ಮೈತ್ರೇಯಿಯವರೊಂದಿಗೆ ಇಂಗ್ಲೆಂಡಿಗೆ ಹೋದರು. ಅಲ್ಲಿಂದ ಕೆನಡಾದ ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್‌ಲೆಂಡಿಗೆ. ಹಿಮ ಬೀಳುವ ಆ ದ್ವೀಪದಲ್ಲಿ ಅವರು ಜಿಲ್ಲಾ ವೈದ್ಯಾಧಿಕಾರಿ. ಆಮೇಲೆ ಅಮೆರಿಕದ ಮಯಾಮಿಯಲ್ಲಿ ಸ್ವಂತ ಕ್ಲಿನಿಕ್ಕು ತೆರೆದರು. ಗಂಡ ರೋಗಿಗಳನ್ನು ನೋಡಿದರೆ ಹೆಂಡತಿ ಕ್ಲಿನಿಕ್ಕಿನ ಉಳಿದ ಭಾರವನ್ನೆಲ್ಲ ಹೊತ್ತರು. 1977ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಹುಟ್ಟಿದ ಅವರ ಮಗ ವಿವೇಕ್ ಮೂರ್ತಿ ಮುಂದೆ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯ, ಆದದ್ದು ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ನನಗೆ ಆ ಪದವಿಗಿಂತ, ಅವರು ಬಾಲ್ಯದ ಬಗ್ಗೆ ಹೇಳಿಕೊಂಡ ಒಂದು ರಾತ್ರಿ ದೊಡ್ಡದಾಗಿ ಕಾಣುತ್ತದೆ.

ಮಯಾಮಿಯ ಮನೆಯಲ್ಲಿ ಮಕ್ಕಳಿಬ್ಬರೂ ನಿದ್ದೆಯಲ್ಲಿದ್ದರು. ಅಪ್ಪ ಅಮ್ಮ ನಡುರಾತ್ರಿ ಎಬ್ಬಿಸಿ ಕಾರಿನಲ್ಲಿ ಕೂರಿಸಿಕೊಂಡರು. ಬಹಳ ದಿನ ಕ್ಯಾನ್ಸರಿನಿಂದ ನರಳಿದ ಒಬ್ಬ ರೋಗಿ ತೀರಿಕೊಂಡಿದ್ದ. ಅವನ ಹೆಂಡತಿ ಆ ಹೊತ್ತಿನಲ್ಲಿ ಒಬ್ಬಳೇ ಇದ್ದಾಳಲ್ಲ ಎಂಬುದು ತಾಯಿಯ ಸಂಕಟ. ಬಡವರು ವಾಸಿಸುವ ಗಾಲಿ ಮನೆಗಳ (ಟ್ರೇಲರುಗಳ) ಕೇರಿಯಲ್ಲಿ ಕಾರು ನಿಂತಿತು. ಬೆಳದಿಂಗಳಲ್ಲಿ, ಮೆಟ್ಟಿಲ ಮೇಲೆ, ಸೀರೆಯುಟ್ಟ ತನ್ನ ತಾಯಿ ಅಳುತ್ತಿದ್ದ ಆ ಹೆಂಗಸನ್ನು ತಬ್ಬಿಕೊಂಡು ನಿಂತದ್ದನ್ನು ಹುಡುಗ ನೋಡಿದ.

ರೋಗಿ ಸತ್ತ ಮೇಲೆ ಡಾಕ್ಟರಿಗೆ ಅಲ್ಲಿ ಕೆಲಸವಿಲ್ಲ. ಬರೆಯುವ ಚೀಟಿಯಿಲ್ಲ, ಪಡೆಯುವ ಫೀಸಿಲ್ಲ. ಆದರೂ ಹೋದರು. ಮಕ್ಕಳನ್ನೂ ಕರೆದುಕೊಂಡು ಹೋದರು! ನಮ್ಮ ಹಳ್ಳಿಗಳಲ್ಲಿ ಸಾವಾದ ಮನೆಗೆ ಕೇರಿಯವರೆಲ್ಲ ಹೋಗಿ ಕೂರುತ್ತಾರಲ್ಲ, ಅಳುವವರ ಬೆನ್ನ ಮೇಲೊಂದು ಕೈ ಇದ್ದೇ ಇರುತ್ತದಲ್ಲ, ಹಲ್ಲೆಗೆರೆಯವರು ಸಮುದ್ರ ದಾಟಿದರೂ ಅದನ್ನು ಬಿಟ್ಟು ಹೋಗಿರಲಿಲ್ಲ. ಮನೆಗೆ ಇಷ್ಟು, ರೋಗಿಗಳಿಗೆ ಇಷ್ಟು ಎಂದು ಅವರು ಬದುಕನ್ನು ಅಳೆದು ಹಂಚಲಿಲ್ಲ. ನಿದ್ದೆಗಣ್ಣಿನ ಮಕ್ಕಳಿಗೆ ಆ ರಾತ್ರಿ ಅಪ್ಪ ಅಮ್ಮನ ಕೆಲಸ ಏನೆಂದು ಗೊತ್ತಾಯಿತು.

2023ರಲ್ಲಿ ಸರ್ಜನ್ ಜನರಲ್ ಆಗಿ ವಿವೇಕ್ ಮೂರ್ತಿಯವರು ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆಯ ವರದಿ ಕೊಟ್ಟರು. ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಜೀವಕ್ಕೆ ಅಪಾಯ ತರಬಲ್ಲದು ಎಂದು ಅದರಲ್ಲಿತ್ತು. ಅದನ್ನು ಓದುವಾಗ ನನಗೆ ಆ ಗಾಲಿ ಮನೆಯ ಮೆಟ್ಟಿಲೇ ಕಣ್ಣ ಮುಂದೆ ಬಂತು. ಅಮೆರಿಕದ ಮಾತು ನಮಗೇಕೆ ಎನ್ನುವಂತಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಾವಗಡ, ಶಿರಾ, ಮಧುಗಿರಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋದ ಮಕ್ಕಳು ಅಲ್ಲೇ ಉಳಿದಿದ್ದಾರೆ. ಹಟ್ಟಿಯ ಜಗುಲಿಗಳಲ್ಲಿ ಅಜ್ಜ ಅಜ್ಜಿಯರಷ್ಟೇ ಕೂತಿರುತ್ತಾರೆ. ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದುಕೊಂಡವರು ಅವರಲ್ಲಿ ಎಷ್ಟೋ ಜನ. ಆಸ್ಪತ್ರೆಯಲ್ಲಿ ಅವರು ಹೇಳುವ ನೋವಿನ ಹೆಸರುಗಳನ್ನು ಕೇಳಬೇಕು: ಸೆಳೆತ, ಹರಿತ, ಜೋಮು, ತಲೆ ದಿಮ್ಮೆನ್ನುವುದು, ಒಳಗೇ ಸಂಕಟ. ಈ ಕೊನೆಯದಕ್ಕೆ ಮಾತ್ರೆ ಬರೆಯುವ ಮುನ್ನ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವ ಡಾಕ್ಟರು ಬೇಕು.

ಪರದೇಶಕ್ಕೆ ಹೋದವರೆಲ್ಲ ಸುಖದ ಕುರ್ಚಿಯಲ್ಲಿ ಕೂತರು ಎಂಬ ಮಾತು ನಮ್ಮಲ್ಲಿದೆ. ಅದು ಪೂರ್ತಿ ನಿಜವಲ್ಲ. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ನಿಗೆ ಹೋದ ಭಾರತದ ಡಾಕ್ಟರುಗಳಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಅಲ್ಲಿನ ಡಾಕ್ಟರುಗಳು ಬೇಡವೆಂದ ಕೆಲಸ. ವೃದ್ಧರ ವಾರ್ಡು, ಮಾನಸಿಕ ರೋಗಿಗಳ ವಾರ್ಡು, ವೇಲ್ಸಿನ ಕಲ್ಲಿದ್ದಲು ಕಣಿವೆಗಳ ಕ್ಲಿನಿಕ್ಕು. ಗಣಿ ಕಾರ್ಮಿಕರ ಕೆಮ್ಮನ್ನೂ ಅವರು ಆಡುವ ಇಂಗ್ಲಿಷನ್ನೂ ಒಟ್ಟೊಟ್ಟಿಗೆ ಕಲಿತು, ಮೂವತ್ತು ವರ್ಷ ಅಲ್ಲೇ ಉಳಿದವರಿದ್ದಾರೆ. ಅಮೆರಿಕದಲ್ಲೂ ಜೆ-1 ವೀಸಾದ ಮೇಲೆ ತರಬೇತಿ ಮುಗಿಸಿದ ಹೊರದೇಶದ ಡಾಕ್ಟರಿಗೆ ಅಲ್ಲೇ ಉಳಿಯಲು 1994ರಿಂದ ಒಂದು ದಾರಿಯಿದೆ: ಡಾಕ್ಟರುಗಳ ಕೊರತೆಯಿರುವ ಪ್ರದೇಶದಲ್ಲಿ 3 ವರ್ಷ ದುಡಿಯಬೇಕು. ಎಲ್ಲ ದೇಶದಲ್ಲೂ ಒಂದು ಪಾವಗಡವಿದೆ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಹೊರಗಿನವರೇ.

ಹೀಗೆ ಊರು ಬಿಟ್ಟದ್ದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಬೇರೆಯವರ ತಾಯಂದಿರ ಮಂಚದ ಪಕ್ಕ ರಾತ್ರಿಯೆಲ್ಲ ನಿಂತ ಮಗ ತನ್ನ ತಾಯಿಯ ಮಂಡಿಯ ಊತವನ್ನು ವಿಡಿಯೋ ಕರೆಯಲ್ಲಿ ನೋಡುತ್ತಾನೆ. "ಇನ್ನೊಂಚೂರು ಬೆಳಕಿಗೆ ಬಾರವ್ವ, ಕಾಣ್ತಿಲ್ಲ" ಎನ್ನುತ್ತಾನೆ. ಅವ್ವ ಫೋನನ್ನು ಅತ್ತ ಇತ್ತ ತಿರುಗಿಸಿ, "ನಂದೇನಿಲ್ಲ ಬಿಡಪ್ಪ, ನೀ ಉಂಡ್ಯಾ?" ಎನ್ನುತ್ತಾಳೆ. ಆ ಮಗನನ್ನು ಊರು ಬಿಟ್ಟವನೆಂದು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಅವನಿಗೆ ಇಲ್ಲಿ ಬೇಸಾಯದ ಸಾಲವಿತ್ತು, ತಂಗಿಯ ಮದುವೆಯಿತ್ತು, ಕಲಿತ ವಿದ್ಯೆಗೆ ತಕ್ಕ ಆಸ್ಪತ್ರೆಯಿರಲಿಲ್ಲ.

ಹೊರಗಿನವರು ನಮ್ಮಲ್ಲಿಗೂ ಬಂದಿದ್ದಾರೆ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮ ಕಟ್ಟಿದ ಸ್ವಾಮಿ ಜಪಾನಂದರು ಡಾಕ್ಟರಲ್ಲ, ಸಂನ್ಯಾಸಿ. ಅವರು ಕುಷ್ಠ ಮತ್ತು ಕ್ಷಯ ರೋಗಿಗಳ ನಡುವೆ ದುಡಿದರು, ಶಾರದಾದೇವಿ ಕಣ್ಣಿನ ಆಸ್ಪತ್ರೆ ಕಟ್ಟಿ ಬಡವರ ಕಣ್ಣಿನ ಪೊರೆ ತೆಗೆಸಿದರು. ಸರ್ಕಾರವೂ 2012ರಲ್ಲಿ ವೈದ್ಯ ಪದವಿ ಮುಗಿಸಿದವರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಮಾಡಿತು. ಮೈಸೂರಿನಲ್ಲಿ ಬೆಳೆದ ಹುಡುಗಿಯೊಬ್ಬಳು ಡಾಕ್ಟರಾಗಿ ಪಾವಗಡದ ಗಡಿಗೆ ಬಂದರೆ ಅವಳೂ ವಲಸೆಗಾರ್ತಿಯೇ. ಓಪಿಡಿಯಲ್ಲಿ ಅರ್ಧ ಜನ ತೆಲುಗಿನವರು. "ನೊಪ್ಪಿ ಎಕ್ಕಡಮ್ಮಾ?" (ನೋವು ಎಲ್ಲಮ್ಮಾ?) ಎಂದು ಕೇಳುವುದನ್ನು ಅವಳು ಮೊದಲ ವಾರವೇ ಕಲಿಯಬೇಕು.

ಅವಳು ಕಲಿಯುತ್ತಾಳೆ. ಆದರೆ ಬಾಡಿಗೆ ಮನೆ ನೋಡಲು ಹೋದಾಗ ನಮ್ಮ ಊರುಗಳಲ್ಲಿ ಮೊದಲು ಕೇಳುವುದು ಯಾವ ಜನ ಎಂದು. ಜಾತಿ ಹೊಂದದಿದ್ದರೆ ಮನೆಯಿಲ್ಲ. ಹೊಂದಿದರೂ, ಹೆಂಗಸು ಒಬ್ಬಳೇ ಇರುವುದೇ ಎಂಬ ಇನ್ನೊಂದು ಪ್ರಶ್ನೆ. ಅವಳು ತುಮಕೂರಿನಲ್ಲಿ ಮನೆ ಮಾಡಿ ದಿನವೂ ಬಸ್ಸಿನಲ್ಲಿ ಓಡಾಡತೊಡಗಿದರೆ ರಾತ್ರಿ ಹೊತ್ತು ಡಾಕ್ಟರಿಲ್ಲ ಎಂದು ನಾವೇ ಗಲಾಟೆ ಮಾಡುತ್ತೇವೆ. ಇದು ನನಗೆ ನೋವಿನ ಸಂಗತಿ. ಕಡಲೆಕಾಯಿ ಕೀಳುವ ಕಾಲಕ್ಕೆ ಡಾಕ್ಟರ ಮೇಜಿನ ಕೆಳಗೆ ಹಸಿಕಾಯಿಯ ಚೀಲ ಇಟ್ಟು, ಹೆಸರೂ ಹೇಳದೆ ಹೋಗುವ ಜನ ಇದೇ ತಾಲ್ಲೂಕಿನವರು. ಅಂಥವರ ಬೀದಿಯಲ್ಲಿ ಒಂದು ಬಾಡಿಗೆ ಮನೆ, ಹಬ್ಬದ ದಿನ ಊಟಕ್ಕೆ ಬನ್ನಿ ಎನ್ನುವ ಒಂದು ಕರೆ ಅವಳಿಗೆ ಸಿಗಬೇಕು. ಆರೋಗ್ಯ ಇಲಾಖೆ ಅದನ್ನು ಆದೇಶ ಹೊರಡಿಸಿ ಕೊಡಿಸಲಾರದು.