ದೋಷ ಎಲ್ಲಿದೆ?



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದೇ ಒಂದು ಪದವನ್ನು ತೆಗೆದುಕೊಂಡಿದ್ದೇನೆ. ಅದು 'ದೋಷ'.

ಈ ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ ನೋಡಿ. ಮದುವೆ ತಡವಾದರೆ ಗ್ರಹದೋಷ. ಮಗು ಅತ್ತರೆ ದೃಷ್ಟಿದೋಷ. ಮಕ್ಕಳ ಬರಹದಲ್ಲಿ ಕಾಗುಣಿತದೋಷ. ಯಂತ್ರ ನಿಂತರೆ ತಾಂತ್ರಿಕ ದೋಷ. ಪಾಲಿ ಭಾಷೆಗೆ ಬಂದರೆ ಇನ್ನೊಂದು ವಿಶೇಷವಿದೆ. ಸಂಸ್ಕೃತದ 'ದೋಷ', 'ದ್ವೇಷ' ಎರಡೂ ಪಾಲಿಯಲ್ಲಿ 'ದೋಸ' ಎಂಬ ಒಂದೇ ರೂಪ ತಾಳುತ್ತವೆ. ಲೋಭ, ದೋಸ, ಮೋಹ ಎಂದು ಭಗವಾನ್ ಬುದ್ಧರು ಹೇಳಿದ ಮೂರು ಅಕುಶಲ ಮೂಲಗಳಲ್ಲಿ ನಡುವಿನದು ದ್ವೇಷ. ಹಾಗಾಗಿ ಏನಾದರೂ ಕೆಟ್ಟು ನಿಂತಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದು: ದೋಷ ಎಲ್ಲಿದೆ? ವಸ್ತುವಿನಲ್ಲೋ, ಗ್ರಹದಲ್ಲೋ, ನಮ್ಮ ಹುಟ್ಟಿನಲ್ಲೋ, ನಮ್ಮ ಮನಸ್ಸಿನಲ್ಲೋ?

ಇದನ್ನು ಬರೀ ಪದವಿಚಾರವೆಂದು ತಿಳಿಯಬೇಡಿ. ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು, ಸಂಬಂಧಪಟ್ಟವನ ಒಪ್ಪಿಗೆ ಪಡೆದು, ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಚಿಕ್ಕಪ್ಪ ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಹಮಾಲಿ ಮಾಡಿದವರು. 15 ಕೆಜಿಯ ಬಾಕ್ಸುಗಳನ್ನು ಹೊತ್ತು ಹೊತ್ತು ಅವರ ಹೆಗಲು ಒಂದು ಕಡೆಗೆ ಇಳಿದಿದೆ. ಅವರ ಮಗ, ನನ್ನ ತಮ್ಮ, ಹನ್ನೆರಡು ವರ್ಷ ಬೇರೆಯವರ ಲಾರಿ ಓಡಿಸಿದ. ಕಳೆದ ವರ್ಷ ಹೆಂಡತಿಯ ಒಡವೆ ಅಡವಿಟ್ಟು, ಚೀಟಿ ಎತ್ತಿ, ಉಳಿದಿದ್ದಕ್ಕೆ ಸಾಲ ಮಾಡಿ 18 ಲಕ್ಷದ ಆರು ಚಕ್ರದ ಹೊಸ ಗಾಡಿ ತಂದ. ನಮ್ಮ ವಂಶದಲ್ಲಿ ಸ್ವಂತ ಲಾರಿ ಇಟ್ಟವನು ಅವನೇ ಮೊದಲು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲಿಲ್ಲ, ಕುಂಬಳಕಾಯಿ ಒಡೆಯಲಿಲ್ಲ. ಗಾಡಿಯ ಮುಂದೆ ನಿಂತು ಎಲ್ಲರೂ ತ್ರಿಶರಣ, ಪಂಚಶೀಲ ಹೇಳಿದೆವು.

ಇಪ್ಪತ್ತನೇ ದಿನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟು ಹತ್ತಿಕೊಂಡಿತು. ಬಿಎಸ್6 ಗಾಡಿಗಳಲ್ಲಿ ಹೊಗೆಯ ವಿಷ ಕಡಿಮೆ ಮಾಡಲು ಯೂರಿಯಾ ದ್ರಾವಣ ಸಿಂಪಡಿಸುವ ಒಂದು ವ್ಯವಸ್ಥೆ ಇರುತ್ತದೆ. ಚಾಲಕರು ಆಡ್‌ಬ್ಲೂ ಎನ್ನುತ್ತಾರೆ. ಅದರಲ್ಲಿ ತಪ್ಪು ಕಂಡರೆ ಕಂಪ್ಯೂಟರ್ ತಾನಾಗಿ ಎಂಜಿನ್ನಿನ ಬಲ ಇಳಿಸಿಬಿಡುತ್ತದೆ. ಲೋಡ್ ತುಂಬಿದ ಗಾಡಿ ಆಮೇಲೆ ಎಳೆಯುವುದಿಲ್ಲ. ಚೆನ್ನೈಗೆ ಟೊಮೆಟೊ ಹೊತ್ತ ಗಾಡಿ ಪಲಮನೇರು ದಾಟುವ ಮೊದಲೇ ರಸ್ತೆ ಬದಿಗೆ ನಿಂತಿತು. ಟೊಮೆಟೊ ಯಾರಿಗೂ ಕಾಯುವುದಿಲ್ಲ. ಅರ್ಧ ಲೋಡ್ ರಸವಾಯಿತು.

ಶೋರೂಮಿನ ವರ್ಕ್‌ಶಾಪಿನವರು ಸೆನ್ಸಾರ್ ಒರೆಸಿ, ಸಾಫ್ಟ್‌ವೇರ್ ರೀಸೆಟ್ ಮಾಡಿ, "ಸರಿಹೋಯ್ತು" ಎಂದು ಕಳಿಸಿದರು. ಎಂಟು ದಿನಕ್ಕೆ ಮತ್ತೆ ಅದೇ. ನಾಲ್ಕು ತಿಂಗಳಲ್ಲಿ ಐದು ಸಲ ಹೀಗಾಯಿತು. ಒಮ್ಮೆ "ನೀನು ಕಳಪೆ ಯೂರಿಯಾ ಹಾಕಿದ್ದೀಯ" ಎಂದರು. ಇನ್ನೊಮ್ಮೆ "ಹೊಸ ಗಾಡಿ ಓಡಿಸೋಕೆ ನಿನಗೆ ಬರಲ್ಲ" ಎಂದರು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಪ್ರತಿ ತಿಂಗಳು ಫೈನಾನ್ಸಿನವರ ಫೋನು.

ಈ ಹೊತ್ತಿನಲ್ಲಿ ಅವನ ಸುತ್ತ ಮೂರು ಮಾತುಗಳು ಬಂದವು. ಕಷ್ಟ ಬಂದ ನಮ್ಮ ಪ್ರತಿಯೊಂದು ಮನೆಗೂ ಬರುವ ಮಾತುಗಳೇ ಅವು. ಒಂದೊಂದನ್ನೂ ಧಮ್ಮದ ಬೆಳಕಿನಲ್ಲಿ ಇಟ್ಟು ನೋಡೋಣ.

*ಮೊದಲ ಮಾತು: "ಗಾಡಿಗೆ ದೃಷ್ಟಿಯಾಗಿದೆ, ಶಾಂತಿ ಮಾಡಿಸು."*

ಹೇಳಿದವರು ಶತ್ರುಗಳಲ್ಲ, ಪ್ರೀತಿಯುಳ್ಳ ನೆಂಟರೇ. ಅದಕ್ಕೇ ಇದು ಕಷ್ಟದ ಪರೀಕ್ಷೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ಸುಖದ ದಿನ ಪಾಲಿಸುವುದು ಸುಲಭ. ಕಂತು ಕಟ್ಟಲಾಗದ ದಿನ ಪಾಲಿಸುವುದೇ ಪಾಲನೆ.

'ಮಿಲಿಂದಪಞ್ಹ' ಗ್ರಂಥದಲ್ಲಿ ಭಿಕ್ಷು ನಾಗಸೇನರು ರಾಜ ಮಿಲಿಂದನಿಗೆ ಅವನ ರಥದ ಬಗ್ಗೆಯೇ ಪ್ರಶ್ನೆ ಹಾಕುತ್ತಾರೆ. ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಯಾವುದೂ ಅಲ್ಲ. ಬಿಡಿಭಾಗಗಳು ಕೂಡಿದಾಗ ನಾವು ಇಡುವ ಹೆಸರು ರಥ. ಲಾರಿಯೂ ಹಾಗೆಯೇ. ಅದು ಬಿಡಿಭಾಗಗಳ ಕೂಟ. ಅದರೊಳಗೆ ದೃಷ್ಟಿ ಕೂರಲು ಪ್ರತ್ಯೇಕ ಸೀಟು ಇಲ್ಲ. ಒಂದು ಭಾಗ ಕೆಟ್ಟಿದೆ, ಯಾವುದೆಂದು ಹುಡುಕಬೇಕು. ಅಷ್ಟೇ.

ದೃಷ್ಟಿಗಿಂತ ಆಳವಾದ ಇನ್ನೊಂದು ಮಾತನ್ನು ನನ್ನ ತಮ್ಮನೇ ಆಡಿದ. "ನಮ್ಮಂಥವರಿಗೆ ಹೊಸ ಗಾಡಿ ಒಗ್ಗಲ್ಲ ಬಿಡಕ್ಕ" ಎಂದ. ಬಂಧುಗಳೇ, ಈ ಮಾತನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೆಟ್ಟಿದ್ದು ಒಂದು ಯಂತ್ರದ ಭಾಗ. ಆದರೆ ಅವನು ದೋಷವನ್ನು ಹುಡುಕಿದ್ದು ತನ್ನ ಹುಟ್ಟಿನಲ್ಲಿ. ಸಾವಿರಾರು ವರ್ಷ ನಮಗೆ ಕಲಿಸಿದ ಪಾಠ ಇದೇ ಅಲ್ಲವೇ? ನಿನ್ನ ಹಸಿವಿಗೆ ನಿನ್ನ ಪೂರ್ವಜನ್ಮ ಕಾರಣ, ನಿನ್ನ ಕೇರಿಗೆ ನಿನ್ನ ಕರ್ಮ ಕಾರಣ ಎಂಬುದು. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ, ಅನುಭವಿಸುವುದೆಲ್ಲವೂ ಹಿಂದಿನ ಕರ್ಮದಿಂದಲೇ ಎನ್ನುವವರ ವಾದವನ್ನು ಬುದ್ಧರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಋತುಗಳ ಬದಲಾವಣೆ ಮುಂತಾದ ಬೇರೆ ಕಾರಣಗಳನ್ನು ಹೆಸರಿಸಿ ತೋರಿಸುತ್ತಾರೆ. ಬಾಬಾಸಾಹೇಬರೂ 'ದಿ ಬುದ್ಧ ಆಂಡ್ ಹಿಸ್ ಧಮ್ಮ' ಗ್ರಂಥದಲ್ಲಿ ಬುದ್ಧರ ಕರ್ಮ ಸಿದ್ಧಾಂತವನ್ನು ಬ್ರಾಹ್ಮಣ್ಯದ ಕರ್ಮ ಸಿದ್ಧಾಂತದಿಂದ ಬೇರ್ಪಡಿಸಿ ತೋರಿಸಿದರು. ಹಾಗಾಗಿ ನಾನು ತಮ್ಮನಿಗೆ ಹೇಳಿದ್ದು ಇಷ್ಟೇ: "ದೋಷ ಗಾಡಿಯಲ್ಲಿದೆ ಕಣೋ, ನಿನ್ನಲ್ಲಿಲ್ಲ."

*ಎರಡನೇ ಮಾತು: "ಹೋಗಿ ನಾಲ್ಕು ಬಾರಿಸು, ಆಮೇಲೆ ದಾರಿಗೆ ಬರ್ತಾರೆ."*

ಒಂದು ರಾತ್ರಿ ಅವನು ಸ್ಪ್ಯಾನರ್ ಹಿಡಿದು ಹೊರಟೇಬಿಟ್ಟ. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಆ ಕೋಪಕ್ಕೆ ಕಾರಣವಿತ್ತು, ಇಲ್ಲವೆನ್ನಲಾರೆ. ಆದರೆ ಯೋಚಿಸಿ. ಅವನು ಶೋರೂಮಿನ ಒಂದು ಗಾಜು ಒಡೆದಿದ್ದರೂ ಸಾಕಿತ್ತು, ದೋಷ ಗಾಡಿಯಿಂದ ಇಳಿದು ಅವನ ಮೇಲೆ ಹತ್ತುತ್ತಿತ್ತು. ಅದುವರೆಗೆ ಅವರು ಉತ್ತರ ಕೊಡಬೇಕಿತ್ತು, ಅಂದಿನಿಂದ ಅವನು ಠಾಣೆಯಲ್ಲಿ ಉತ್ತರ ಕೊಡಬೇಕಾಗುತ್ತಿತ್ತು. ಪಾಲಿಯಲ್ಲಿ ಎರಡು ದೋಷಗಳಿಗೂ ಒಂದೇ ಪದವಿರುವುದು ಇಲ್ಲಿ ಅರ್ಥಪೂರ್ಣವಾಗಿ ಕಾಣುತ್ತದೆ. ವಸ್ತುವಿನ ದೋಷವನ್ನು ದ್ವೇಷ ನುಂಗಿಹಾಕುತ್ತದೆ.

ಧಮ್ಮಪದದ ಕೋಧವಗ್ಗದಲ್ಲಿ ಬುದ್ಧರು ಕೊಡುವ ಹೋಲಿಕೆ ಚಾಲಕರಿಗಾಗಿಯೇ ಹೇಳಿದಂತಿದೆ. ದಾರಿ ತಪ್ಪಿ ಉರುಳುವ ರಥವನ್ನು ತಡೆಯುವಂತೆ, ಎದ್ದ ಕೋಪವನ್ನು ತಡೆಯಬಲ್ಲವನೇ ಸಾರಥಿ. ಉಳಿದವರ ಕೈಯಲ್ಲಿ ಹಗ್ಗ ಇರುತ್ತದೆ, ಸಾರಥ್ಯ ಇರುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಾಕುವುದು ಹೇಡಿತನ ಎಂದು ಯಾವ ಡ್ರೈವರೂ ಹೇಳುವುದಿಲ್ಲ.

ಸಲ್ಲತ್ಥ ಸುತ್ತದಲ್ಲಿ ಎರಡು ಬಾಣಗಳ ಮಾತು ಬರುತ್ತದೆ. ಮೊದಲ ಬಾಣ ದೇಹಕ್ಕೆ ತಾಗುತ್ತದೆ. ಎರಡನೆಯದು ಅದನ್ನೇ ನೆನೆದು ಕುದಿಯುವ ಮನಸ್ಸಿಗೆ. ಗಾಡಿ ಕೆಟ್ಟಿದ್ದು ಮೊದಲ ಬಾಣ. ನಿದ್ದೆ ಬಿಟ್ಟು ಮಕ್ಕಳ ಮೇಲೆ ರೇಗುವುದು ಎರಡನೆಯದು. ಮೊದಲನೆಯದಕ್ಕೆ ಪರಿಹಾರವನ್ನು ಕಂಪನಿಯಿಂದ ಕೇಳಬಹುದು. ಎರಡನೆಯದಕ್ಕೆ ಯಾರಿಂದ ಕೇಳೋಣ?

ಇನ್ನೊಂದು ಸಂಗತಿ. ವರ್ಕ್‌ಶಾಪಿನಲ್ಲಿ ಗ್ರೀಸು ಮೆತ್ತಿಕೊಂಡು ನಿಂತ ಹುಡುಗ ನಮ್ಮ ಶತ್ರುವಲ್ಲ. ಅವನೂ ಸಂಬಳಕ್ಕೆ ದುಡಿಯುವವನು. ತಮ್ಮ ಸಮಾಧಾನದಿಂದ ಮಾತಾಡಿದ ದಿನ ಆ ಹುಡುಗನೇ ಮೆಲ್ಲಗೆ ಹೇಳಿದ: "ಅಣ್ಣ, ಪ್ರತಿ ಸಲ ಜಾಬ್ ಕಾರ್ಡ್ ಬರೆಸ್ಕೊಳ್ಳಿ, ಕಿಲೋಮೀಟರ್ ಹಾಕಿಸಿ." ಮೆತ್ತಾ ಭಾವನೆಯ ಫಲ ಹೀಗೂ ಬರುತ್ತದೆ.

*ಮೂರನೇ ಮಾತು: "ದೊಡ್ಡವರ ಜೊತೆ ಯಾಕೆ, ಬಂದಷ್ಟಕ್ಕೆ ಮಾರಿಬಿಡು."*

ಇದು ಕ್ಷಮೆಯ ವೇಷ ತೊಟ್ಟ ಸೋಲು. ಖಂತಿ ಎಂದರೆ ತಾಳ್ಮೆ, ಬಾಯಿ ಮುಚ್ಚಿಕೊಳ್ಳುವುದಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿದ ಬಾಬಾಸಾಹೇಬರು, ಅದೇ ಡಿಸೆಂಬರಿನಲ್ಲಿ ನ್ಯಾಯಾಲಯದ ತಡೆಯಾಜ್ಞೆ ಬಂದಾಗ ಮತ್ತೆ ಕೆರೆಗೆ ಇಳಿಯುವುದನ್ನು ಮುಂದೂಡಿದರು. ಬಿಟ್ಟುಕೊಟ್ಟರೇ? ಇಲ್ಲ. ಮೊಕದ್ದಮೆ ನಡೆಸಿದರು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟಿನ ತೀರ್ಪು ನಮ್ಮವರ ಪರವಾಗಿ ಬಂತು. ಹತ್ತು ವರ್ಷ ಹಿಡಿದ ಆ ಪಟ್ಟೇ ಖಂತಿ.

ಶೋರೂಮಿನ ಮ್ಯಾನೇಜರ್, "ಇದು ಕಮರ್ಷಿಯಲ್ ಗಾಡಿ, ನೀವು ಗ್ರಾಹಕ ಕೋರ್ಟಿಗೆ ಹೋಗೋಕಾಗಲ್ಲ" ಎಂದಿದ್ದರು. ಕಾಲಾಮ ಸುತ್ತ ನಮಗೆ ಹೇಳುವುದೇನು? ಹೇಳಿದವರ ಸ್ಥಾನ ನೋಡಿ ನಂಬಬೇಡ, ಪರೀಕ್ಷಿಸು ಎಂದು. ಪರೀಕ್ಷಿಸಿದೆವು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ನ್ನು ತೆರೆದು ಗ್ರಾಹಕ ಯಾರೆಂದು ಹೇಳುವ ಭಾಗ ಓದಿದೆವು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎನ್ನುವುದು ನಿಜ. ಆದರೆ ಅಲ್ಲೇ ವಿವರಣೆಯೂ ಇದೆ: ಸ್ವಂತ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡು ತಾನೇ ಬಳಸುವ ವಸ್ತುವಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. 1995ರಲ್ಲೇ ಸುಪ್ರೀಂ ಕೋರ್ಟು ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಲಾರಿ ಕೊಂಡು ತಾನೇ ಓಡಿಸಿ ಬದುಕುವವನು ಗ್ರಾಹಕನೇ ಎಂದು ಉದಾಹರಣೆ ಕೊಟ್ಟು ಹೇಳಿದೆ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಆ ಹಕ್ಕು ಹೋಗುವುದಿಲ್ಲ. ಆ ಪುಟ ಓದಿದ ಹೊತ್ತಿನಲ್ಲಿ ತಮ್ಮನ ಬೆನ್ನು ನೆಟ್ಟಗಾಗಿದ್ದನ್ನು ನಾನು ನೋಡಿದೆ. ಶಿಕ್ಷಣ ಎಂದು ಬಾಬಾಸಾಹೇಬರು ಮೊದಲು ಹೇಳಿದ್ದು ಇದಕ್ಕೇ.

ನಾಲ್ಕು ಆರ್ಯಸತ್ಯಗಳ ಕ್ರಮದಲ್ಲೇ ದೂರು ಬರೆದೆವು. ದುಃಖ: ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನಾಯಿತು. ಕಾರಣ: ಐದು ಜಾಬ್ ಕಾರ್ಡುಗಳಲ್ಲೂ ಅದೇ ಭಾಗ, ಅದೇ ದೋಷ. ನಿವಾರಣೆ: ಆ ಭಾಗವನ್ನು ಪೂರ್ತಿ ಬದಲಿಸಬೇಕು, ಇಲ್ಲವೇ ಗಾಡಿ ಬದಲಿಸಿ ಕೊಡಬೇಕು, ನಿಂತ ದಿನಗಳ ನಷ್ಟ ಕೊಡಬೇಕು. ಮಾರ್ಗ: ಮೊದಲು ಡೀಲರಿಗೂ ಕಂಪನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಒಂದು ಬೈಗುಳವಿಲ್ಲ, ಒಂದು ಉತ್ಪ್ರೇಕ್ಷೆ ಇಲ್ಲ. ಸಮ್ಯಕ್ ವಾಚಾ ಎಂದರೆ ನ್ಯಾಯಾಲಯದಲ್ಲೂ ನಿಲ್ಲುವ ಮಾತು.

ಇಂಥ ಕಷ್ಟದಲ್ಲಿರುವವರಿಗೆ ಉಪಯೋಗವಾಗಲೆಂದು ಕೆಲವು ವಿಷಯ:

• ಪ್ರತಿ ಭೇಟಿಗೂ ಜಾಬ್ ಕಾರ್ಡ್ ಪಡೆಯಿರಿ. ದೂರನ್ನು ನೀವು ಹೇಳಿದ ಮಾತಿನಲ್ಲೇ ಬರೆಸಿ. ಲೋಡ್ ಹಾಕಿ ಓಡಿಸಿ ನೋಡದೆ "ತೃಪ್ತಿಯಾಗಿದೆ" ಎಂದು ಸಹಿ ಮಾಡಬೇಡಿ.
• ಎಳೆದೊಯ್ದ ಬಿಲ್ಲು, ಹಾಳಾದ ಸರಕಿನ ಚೀಟಿ, ಎಂಜಿನ್ ಲೈಟಿನ ಫೋಟೋ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ.
• ಕಂತು ತಡವಾಗುವಂತಿದ್ದರೆ ಫೈನಾನ್ಸಿನವರಿಗೆ ಮೊದಲೇ ಬರಹದಲ್ಲಿ ತಿಳಿಸಿ. ತಪ್ಪಿಸಿಕೊಂಡು ತಿರುಗಬೇಡಿ.
• ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 10ರಿಂದ 20 ಲಕ್ಷದ ವಸ್ತುವಿಗೆ ಶುಲ್ಕ 400 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು.
• ದೋಷ ತಿಳಿಯಲು ತಜ್ಞ ಪರೀಕ್ಷೆ ಬೇಕಾದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಲ್ಲದು.
• ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನೋಟಿಸು ತಲುಪಿದ ಮೇಲೆ ಕಂಪನಿಯಿಂದ ಎಂಜಿನಿಯರ್ ಬಂದರು. ಆಡ್‌ಬ್ಲೂ ವ್ಯವಸ್ಥೆಯನ್ನು ಪೂರ್ತಿ ಬದಲಿಸಿದರು. ಮೂರು ತಿಂಗಳಿಂದ ಗಾಡಿ ಓಡುತ್ತಿದೆ. ನಿಂತ ದಿನಗಳ ನಷ್ಟದ ಪ್ರಶ್ನೆ ಆಯೋಗದ ಮುಂದಿದೆ, ತೀರ್ಪು ಇನ್ನೂ ಬಂದಿಲ್ಲ. ಹೆಂಡತಿಯ ಒಡವೆಯೂ ಇನ್ನೂ ಬಿಡಿಸಿಲ್ಲ. ಎಲ್ಲ ಸುಖಾಂತವಾಯಿತು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ತೀರ್ಪು ಹೇಗೇ ಬರಲಿ, ಒಂದು ಮಾತು ಆಗಲೇ ಇತ್ಯರ್ಥವಾಗಿದೆ. "ನಮ್ಮಂಥವರಿಗೆ ಒಗ್ಗಲ್ಲ" ಎಂಬ ಮಾತು ಅವನ ಬಾಯಲ್ಲಿ ಮತ್ತೆ ಬಂದಿಲ್ಲ.

ನಮ್ಮಲ್ಲಿ ಈಗ ಮೊದಲ ತಲೆಮಾರಿನವರು ಲಾರಿ ಕೊಳ್ಳುತ್ತಿದ್ದಾರೆ, ಅಂಗಡಿ ಇಡುತ್ತಿದ್ದಾರೆ, ಮನೆ ಕಟ್ಟುತ್ತಿದ್ದಾರೆ. ಅವರ ಬೆನ್ನಿಗೆ ಅಪ್ಪನ ಆಸ್ತಿ ಇಲ್ಲ. ಒಂದು ಕೆಟ್ಟ ಯಂತ್ರ, ಒಂದು ಸುಳ್ಳು ಲೆಕ್ಕ ಸಾಕು, ಮತ್ತೆ ಕೂಲಿಗೆ ಮರಳಲು. ಅಂಥವರ ಪಕ್ಕದಲ್ಲಿ ಒಂದು ಅರ್ಜಿ ಬರೆಯಬಲ್ಲವರು, ಒಂದು ಕಾಯ್ದೆ ಓದಬಲ್ಲವರು ಕೂತರೆ ಅದೇ ಸಂಘಂ ಶರಣಂ.

*ಇಂದಿನ ಅಭ್ಯಾಸ:* ಇಂದು ನಿಮಗೆ ಏನಾದರೂ ಕೆಟ್ಟದ್ದು ಎದುರಾದರೆ ಮೂರು ಉಸಿರು ನಿಂತು ಕೇಳಿಕೊಳ್ಳಿ. ದೋಷ ಎಲ್ಲಿದೆ? ವಸ್ತುವಿನಲ್ಲಿದ್ದರೆ ಬರೆದಿಡಿ. ವ್ಯವಸ್ಥೆಯಲ್ಲಿದ್ದರೆ ಒಟ್ಟಾಗಿ ಪ್ರಶ್ನಿಸಿ. ಮನಸ್ಸಿನಲ್ಲಿ ದ್ವೇಷವಾಗಿ ಎದ್ದಿದ್ದರೆ ಬ್ರೇಕ್ ಹಾಕಿ. ಹುಟ್ಟಿನಲ್ಲಿ ಮಾತ್ರ ಹುಡುಕಬೇಡಿ, ಅದು ಅಲ್ಲಿಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏