ಸೋಣನ ಚಪ್ಪಲಿ, ನಮ್ಮ ಸೈಕಲ್ಲು





ನಮ್ಮ ಬಳಗದ ಯುವಕರೊಬ್ಬರು ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಾರೆ, ಒಂದು ಕಡೆಗೆ 14 ಕಿಲೋಮೀಟರ್. ಈಚೆಗೆ ಮಂಡಿಯ ಮುಂಭಾಗ ನೋಯುತ್ತಿದೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಬೈಕ್ ಫಿಟಿಂಗ್‌ಗೆ, ಅಂದರೆ ಸೀಟು, ಹ್ಯಾಂಡಲ್ಲುಗಳನ್ನು ಅವರ ಮೈಯಳತೆಗೆ ಹೊಂದಿಸಿಕೊಡಲು, 5,000 ರೂಪಾಯಿ ಕೇಳಿದ್ದಾರೆ. "ಮೇಷ್ಟ್ರೇ, ಇದು ಶೋಕಿಯಾ, ಅಗತ್ಯವಾ?" ಎಂಬುದು ಅವರ ಪ್ರಶ್ನೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ನಮ್ಮಪ್ಪ ಬರಿಗಾಲಲ್ಲೇ ಬದುಕಿದ, ನಿನಗೆ ಫಿಟಿಂಗ್ ಬೇಕಾ?" ಅಂದರು.

ಬರಿಗಾಲು ನಮ್ಮ ಹಿರಿಯರು ಆರಿಸಿಕೊಂಡ ವ್ರತವಾಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಸವರ್ಣೀಯರ ಬೀದಿ ಬಂದರೆ ಚಪ್ಪಲಿ ಕೈಗೆ ಬರಬೇಕಿತ್ತು, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ಅದನ್ನೇ ಈಗ ನಾವು ತಪಸ್ಸು ಎಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಬುದ್ಧ ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಸೋಣ ಕೋಳಿವಿಸನ ಕಥೆಯಿದೆ. ಚಂಪಾ ನಗರದ ಶ್ರೀಮಂತರ ಮಗ, ಬಹಳ ಮೃದುವಾದ ಪಾದ. ಭಿಕ್ಖುವಾದ ಮೇಲೆ ರಾಜಗೃಹದ ಸೀತವನದಲ್ಲಿ ಹಿಂದೆ ಮುಂದೆ ನಡೆಯುತ್ತಾ ಧ್ಯಾನ ಮಾಡಿದ. ಎಷ್ಟರ ಮಟ್ಟಿಗೆ ಎಂದರೆ ಅಂಗಾಲು ಒಡೆದು ದಾರಿಯೆಲ್ಲ ರಕ್ತ. ಆಗ ಬುದ್ಧ ಬಂದು ಕೇಳಿದ್ದು ವೀಣೆಯ ಬಗ್ಗೆ: ತಂತಿ ಬಿಗಿಯಾದರೆ ನುಡಿಯುತ್ತದೆಯೇ, ಸಡಿಲವಾದರೆ ನುಡಿಯುತ್ತದೆಯೇ?

ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದನ್ನು ನಾವು ಹೇಳುವುದು ಕಡಿಮೆ. ಬುದ್ಧ ಸೋಣನಿಗೆ ಒಂದೇ ಪದರದ ಚಪ್ಪಲಿ ಹಾಕಿಕೊಳ್ಳಲು ಅನುಮತಿ ಕೊಟ್ಟ. ಸೋಣ ಒಪ್ಪಲಿಲ್ಲ. ಅಷ್ಟು ಸಂಪತ್ತು ಬಿಟ್ಟು ಬಂದವನು ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ, ಇಡೀ ಸಂಘಕ್ಕೆ ಅನುಮತಿಯಾದರೆ ಮಾತ್ರ ನಾನೂ ಹಾಕುತ್ತೇನೆ ಎಂದ. ಬುದ್ಧ ಸಂಘಕ್ಕೆಲ್ಲ ಅನುಮತಿ ಕೊಟ್ಟ. ಆದರೆ ಹಲವು ಪದರದ ಚಪ್ಪಲಿಗೆ ಕೊಡಲಿಲ್ಲ! ನೋವಿಗೆ ಎಷ್ಟು ಬೇಕೋ ಅಷ್ಟು.

ಹಾಗಾಗಿ ನಮ್ಮ ತಮ್ಮನಿಗೆ ನಾನು ಹೇಳಿದ್ದು: ಮೊದಲು ಕಾಸಿಲ್ಲದ ಫಿಟಿಂಗ್ ಮಾಡಿ ನೋಡಪ್ಪ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮಂಡಿ ತುಸು ಬಾಗಿರುತ್ತದೆ. ಮಂಡಿಯ ಮುಂದೆ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿರುತ್ತದೆ, ಹಿಂದೆ ನೋವಿದ್ದರೆ ಎತ್ತರವಾಗಿರುತ್ತದೆ. ಹಳೆಯ ಎತ್ತರಕ್ಕೆ ಟೇಪಿನ ಗುರುತು ಹಾಕಿ, ಅರ್ಧ ಸೆಂಟಿಮೀಟರ್‌ನಂತೆ ಬದಲಿಸಿ, ಒಂದು ವಾರ ಓಡಿಸಿ. ಸೈಕಲ್ಲಿನ ಫ್ರೇಮೇ ನಿಮ್ಮ ಅಳತೆಯದಲ್ಲದಿದ್ದರೆ ಫಿಟಿಂಗ್‌ಗೆ ಕೊಟ್ಟ ದುಡ್ಡು ದಂಡ. ನಡೆಯುವಾಗಲೂ ನೋಯುತ್ತಿದ್ದರೆ ಅಂಗಡಿಗಲ್ಲ, ಡಾಕ್ಟರ್ ಹತ್ತಿರ ಹೋಗಬೇಕು.

ಇಷ್ಟಾದರೂ ನೋವು ಉಳಿದರೆ? ಸಿಗಾಲೋವಾದ ಸುತ್ತದಲ್ಲಿ ಬುದ್ಧ ಗೃಹಸ್ಥನ ಸಂಪಾದನೆಯನ್ನು ನಾಲ್ಕು ಪಾಲು ಮಾಡುತ್ತಾನೆ: ಒಂದು ಅನುಭವಿಸಲು, ಎರಡು ಕಸುಬಿಗೆ, ಒಂದು ಆಪತ್ತಿಗೆ. ದಿನಾ 28 ಕಿಲೋಮೀಟರ್ ತುಳಿದು ದುಡಿಯುವವನ ಮಂಡಿ ಕಸುಬಿನ ಪಾಲಿಗೇ ಸೇರುತ್ತದೆ. ಆ ಪಾಲಿನಲ್ಲಿ 5,000 ಇದ್ದರೆ ಅಂಜದೆ ಕೊಡಿ. ಮಕ್ಕಳ ಫೀಸು ಮುರಿದು, ಸಾಲ ಮಾಡಿ ಬೇಡ. ಭಾನುವಾರ ಊರು ಸುತ್ತಲು ಮಾತ್ರ ಸೈಕಲ್ ಹತ್ತುವವರಾದರೆ ಲೆಕ್ಕವೇ ಬೇರೆ, ಟೇಪು ಸ್ಪ್ಯಾನರ್ರೇ ಸಾಕು.

ಇನ್ನೊಂದು ಮಾತು, ಸೋಣನಿಂದ ಕಲಿತದ್ದು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಕುಳ್ಳಗಿರುವ ಮಗುವಿಗೂ ಎತ್ತರದ ಮಗುವಿಗೂ ಅಂಗಡಿಯಿಂದ ಬಂದ ಎತ್ತರದಲ್ಲೇ ಸೀಟು. ಅದು ಏರುತ್ತದೆ, ಇಳಿಯುತ್ತದೆ ಎಂದೇ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಈ ಭಾನುವಾರ ವಂದನೆ ಮುಗಿದ ಮೇಲೆ ಮಕ್ಕಳ ಸೈಕಲ್ಲುಗಳನ್ನು ವಿಹಾರದ ಅಂಗಳಕ್ಕೆ ತನ್ನಿ. ಸ್ಪ್ಯಾನರ್ ನಾನು ತರುತ್ತೇನೆ, ಯಾರ ಮನೆಯಲ್ಲಾದರೂ ಗಾಳಿ ಪಂಪ್ ಇದ್ದರೆ ತನ್ನಿ.

ಜೈ ಭೀಮ್. ನಮೋ ಬುದ್ಧಾಯ.